ವಸೂಲಿ ಏಜೆನ್ಸಿಯ ಕಾಗದ ಬಂದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬ್ರಿಟನ್ನಿನ ಬಾಕಿಗೆ ಸಂಬಂಧಿಸಿದ ಓದುಗರ ಪ್ರಶ್ನೆಗಳನ್ನಷ್ಟೇ ತೆಗೆದುಕೊಂಡಿದ್ದೇವೆ. ಉತ್ತರಗಳು ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಾನೂನಿನ ಪ್ರಕಾರ ಇವೆ. ಸ್ಕಾಟ್ಲೆಂಡ್‌ನ ವ್ಯತ್ಯಾಸ ಮುಖ್ಯವಾಗುವ ಕಡೆ ಅದನ್ನೂ ಹೇಳಿದ್ದೇವೆ.

ಪ್ರಶ್ನೆ: ಎರಡು ವರ್ಷದ ಹಿಂದೆ ಬಿಟ್ಟ ಮೊಬೈಲ್ ಕಾಂಟ್ರಾಕ್ಟಿನ 186 ಪೌಂಡ್ ಬಾಕಿ ಇದೆ ಎಂದು ಒಂದು ವಸೂಲಿ ಏಜೆನ್ಸಿ ಕಾಗದ ಹಾಕಿದೆ. ಕೊನೆಯ ಬಿಲ್ ಕಟ್ಟಿದ ನೆನಪು ನನಗಿದೆ. ಏಳು ದಿನದಲ್ಲಿ ಕೊಡದಿದ್ದರೆ ಮನೆಗೆ ಪ್ರತಿನಿಧಿಯನ್ನು ಕಳಿಸುತ್ತಾರಂತೆ. ಟಿವಿ, ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಬಹುದೇ? (ರೆಡಿಂಗ್‌ನ ಓದುಗರು)

ಉತ್ತರ: ಒಂದು ಚಮಚವನ್ನೂ ಮುಟ್ಟುವಂತಿಲ್ಲ. ವಸೂಲಿ ಏಜೆನ್ಸಿ ಬೇರೆ, ಬೇಲಿಫ್ ಬೇರೆ. ಬೇಲಿಫ್ ಎಂದರೆ ನಮ್ಮ ಊರಿನ ಕೋರ್ಟಿನ ಅಮೀನ ಇದ್ದ ಹಾಗೆ: ಅವರ ಹಿಂದೆ ಕೋರ್ಟಿನ ಅಥವಾ ಕಾನೂನಿನ ಆದೇಶ ಇರುತ್ತದೆ. ಈಗ ಅವರ ಅಧಿಕೃತ ಹೆಸರು ಎನ್‌ಫೋರ್ಸ್‌ಮೆಂಟ್ ಏಜೆಂಟ್. ಅವರು ಕೂಡ ಬರುವ ಮೊದಲು ಕನಿಷ್ಠ ಏಳು ಪೂರ್ಣ ದಿನಗಳ ನೋಟಿಸು ಕೊಡಬೇಕು. ವಸೂಲಿ ಏಜೆನ್ಸಿಯ ಹತ್ತಿರ ಇರುವುದು ಕಾಗದ ಮತ್ತು ಫೋನು, ಅಷ್ಟೇ. ಅವರ ಪ್ರತಿನಿಧಿ ಬಾಗಿಲು ತಟ್ಟಬಹುದು. ನೀವು ಬಾಗಿಲು ತೆರೆಯಬೇಕೆಂದಿಲ್ಲ, ಹೋಗಿ ಎಂದರೆ ಅವರು ಹೋಗಬೇಕು. ಪಕ್ಕದ ಮನೆಯವರ ಹತ್ತಿರ, ಜೊತೆಗಿರುವ ಗೆಳೆಯರ ಹತ್ತಿರ, ಆಫೀಸಿನಲ್ಲಿ ನಿಮ್ಮ ಸಾಲದ ಮಾತೆತ್ತುವಂತಿಲ್ಲ.

ಕಾಗದದಲ್ಲಿರುವ ಫೋನ್ ನಂಬರಿಗೆ ತಕ್ಷಣ ಕರೆ ಮಾಡಬೇಡಿ. ಏಜೆನ್ಸಿ ನಿಜವಾದದ್ದೇ ಎಂದು ಮೊದಲು ನೋಡಿ. ಕ್ರೆಡಿಟ್ ಕಾರ್ಡ್, ಬ್ಯಾಂಕ್ ಸಾಲದಂಥ ಬಾಕಿ ವಸೂಲು ಮಾಡುವವರಿಗೆ ಎಫ್‌ಸಿಎ, ಅಂದರೆ ಹಣಕಾಸು ನಿಯಂತ್ರಣ ಪ್ರಾಧಿಕಾರದ ಅನುಮತಿ ಬೇಕು. ಅದರ ರಿಜಿಸ್ಟರ್ ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಮೊಬೈಲ್ ಬಿಲ್ಲಿಗೆ ಆ ಅನುಮತಿ ಕಡ್ಡಾಯವಲ್ಲ, ಆದರೂ ದೊಡ್ಡ ಏಜೆನ್ಸಿಗಳು ಸಾಮಾನ್ಯವಾಗಿ ಅಲ್ಲಿರುತ್ತವೆ. ಕಾಗದದ ಹೆಸರು, ವಿಳಾಸ, ನಂಬರು ರಿಜಿಸ್ಟರಿನದರ ಜೊತೆ ತಾಳೆಯಾಗದಿದ್ದರೆ ಮೂಲ ಮೊಬೈಲ್ ಕಂಪನಿಗೇ ಫೋನ್ ಮಾಡಿ, ಬಾಕಿಯನ್ನು ಯಾರಿಗೆ ಒಪ್ಪಿಸಿದ್ದೀರಿ ಎಂದು ಕೇಳಿ. ಜನ್ಮದಿನಾಂಕ, ಬ್ಯಾಂಕಿನ ವಿವರ ಯಾವುದನ್ನೂ ಏಜೆನ್ಸಿಯವರು ಕರೆ ಮಾಡಿದಾಗ ಕೊಡಬೇಡಿ.

ಆಮೇಲೆ ಒಂದು ಕಾಗದ. ಮೇಲೆ ಅವರ ರೆಫರೆನ್ಸ್ ನಂಬರು. ಕೆಳಗೆ ಇಷ್ಟು: ಈ ಬಾಕಿಯನ್ನು ನಾನು ಒಪ್ಪಿಕೊಂಡಿಲ್ಲ, ಕಾಂಟ್ರಾಕ್ಟ್, ಕೊನೆಯ ಬಿಲ್, 186 ಪೌಂಡ್ ಹೇಗಾಯಿತು ಎಂಬ ಲೆಕ್ಕ ಕಳಿಸಿ, ಅಲ್ಲಿಯತನಕ ವಸೂಲಿ ನಿಲ್ಲಿಸಿ, ಇನ್ನು ಮುಂದೆ ಬರವಣಿಗೆಯಲ್ಲಷ್ಟೇ ಸಂಪರ್ಕಿಸಿ. ನೀವು ಕಟ್ಟಿದ ದಿನದ ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಸಾಲು ಮಾತ್ರ ಕಾಣುವಂತೆ, ಉಳಿದದ್ದನ್ನು ಮುಚ್ಚಿ ಪ್ರತಿ ಲಗತ್ತಿಸಿ. ಪೋಸ್ಟ್ ಆಫೀಸಿನ ಕೌಂಟರಿನಲ್ಲಿ 'ಸರ್ಟಿಫಿಕೇಟ್ ಆಫ್ ಪೋಸ್ಟಿಂಗ್' ಕೇಳಿ. ಅದಕ್ಕೆ ದುಡ್ಡಿಲ್ಲ, ಕಳಿಸಿದ್ದಕ್ಕೆ ದಾಖಲೆಯಾಗುತ್ತದೆ. ಏಜೆನ್ಸಿ ಅಂಚೆಯಾಳು ಮಾತ್ರ, ಲೆಕ್ಕದ ಪುಸ್ತಕ ಇರುವುದು ಮೊಬೈಲ್ ಕಂಪನಿಯಲ್ಲಿ. ಆದ್ದರಿಂದ ಅವರಿಗೂ ಅದೇ ದಿನ ದೂರು ಕೊಡಿ. ಹೆಚ್ಚಿನ ಜಗಳ ತೀರುವುದು ಅಲ್ಲಿಯೇ.

ಪ್ರಶ್ನೆ: 2018ರ ಮೇ ತಿಂಗಳಲ್ಲಿ ಕೊನೆಯ ಸಲ ಕಟ್ಟಿದ ಕ್ರೆಡಿಟ್ ಕಾರ್ಡ್ ಬಾಕಿ 2,340 ಪೌಂಡ್ ಅನ್ನು ಈಗ ಯಾವುದೋ ಕಂಪನಿ ಕೊಂಡುಕೊಂಡಿದೆಯಂತೆ. ಆರು ವರ್ಷ ಕಳೆದರೆ ಸಾಲ ಹೋಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ತಿಂಗಳಿಗೆ ಹತ್ತು ಪೌಂಡ್ ಕಟ್ಟಿ ಸುಮ್ಮನಾಗಲೇ? (ಲೀಸ್ಟರ್)

ಉತ್ತರ: ಸದ್ಯ ಒಂದು ಪೆನ್ನಿಯನ್ನೂ ಕಟ್ಟಬೇಡಿ. 'ಕೊಡುತ್ತೇನೆ, ಸ್ವಲ್ಪ ಸಮಯ ಕೊಡಿ' ಎಂದು ಇಮೇಲ್ ಕೂಡ ಮಾಡಬೇಡಿ. ನಿಮ್ಮ ಗೆಳೆಯರ ಮಾತು ಅರ್ಧ ಸರಿ, ತಪ್ಪಿರುವ ಅರ್ಧವೇ ದುಬಾರಿ.

1980ರ ಕಾಲಮಿತಿ ಕಾಯ್ದೆಯ ಪ್ರಕಾರ ಇಂಥ ಸಾಲಕ್ಕೆ ಕೋರ್ಟಿಗೆ ಹೋಗಲು ಇರುವುದು ಆರು ವರ್ಷ. ಎಲ್ಲರೂ ಅದನ್ನು ಕೊನೆಯ ಕಂತಿನಿಂದ ಎಣಿಸುತ್ತಾರೆ. ಆದರೆ 2019ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಕ್ರೆಡಿಟ್ ಕಾರ್ಡಿನ ಮಟ್ಟಿಗೆ ಬೇರೆಯೇ ಹೇಳಿತು: ಕಂತು ತಪ್ಪಿದಾಗ ಬ್ಯಾಂಕು ಕೊಡುವ ಡಿಫಾಲ್ಟ್ ನೋಟಿಸಿನ ಗಡುವು ಮುಗಿದ ದಿನದಿಂದ ಎಣಿಕೆ ಶುರು. ನೀವು 2018ರ ಮೇನಲ್ಲಿ ನಿಲ್ಲಿಸಿದಿರಿ. ಬ್ಯಾಂಕು 2019ರ ಫೆಬ್ರವರಿಯಲ್ಲಿ ನೋಟಿಸು ಕೊಟ್ಟು, ಅದರ ಗಡುವು ಆ ತಿಂಗಳ 20ಕ್ಕೆ ಮುಗಿದಿದೆ ಎಂದುಕೊಳ್ಳೋಣ. ಆಗ ಆರು ವರ್ಷ ತುಂಬುವುದು 2025ರ ಫೆಬ್ರವರಿ 20ಕ್ಕೆ, 2024ರ ಮೇಗೆ ಅಲ್ಲ. ಈ ನಡುವೆ ನೀವು ಐದು ಪೌಂಡ್ ಕಟ್ಟಿದ್ದರೂ, ಸಾಲ ನನ್ನದು ಎಂದು ಬರೆದುಕೊಟ್ಟಿದ್ದರೂ ಎಣಿಕೆ ಮತ್ತೆ ಮೊದಲಿನಿಂದ. ಆರು ವರ್ಷ ಪೂರ್ತಿ ಕಳೆದ ಮೇಲೆ ಕಟ್ಟಿದರೆ ಮಾತ್ರ ಅದು ಮತ್ತೆ ಜೀವ ಪಡೆಯುವುದಿಲ್ಲ.

ಡಿಫಾಲ್ಟಿನ ತಾರೀಖು ನೋಡಲು ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಕ್ರೆಡಿಟ್ ಸಂಸ್ಥೆಗಳ ವರದಿಗಳನ್ನು ತೆಗೆಸಿ. ಅಲ್ಲಿ ಡಿಫಾಲ್ಟ್ ಆರು ವರ್ಷಕ್ಕೆ ಅಳಿದುಹೋಗುತ್ತದೆ. ವರದಿಯಲ್ಲಿ ಕಾಣದಿದ್ದ ಮಾತ್ರಕ್ಕೆ ಕಾಲಮಿತಿ ಮುಗಿಯಿತು ಎಂದು ತೀರ್ಮಾನಿಸಬೇಡಿ, ಎರಡು ತಾರೀಖುಗಳೂ ಒಂದೇ ಆಗಬೇಕೆಂದಿಲ್ಲ.

ಜೊತೆಗೆ 1974ರ ಕನ್ಸ್ಯೂಮರ್ ಕ್ರೆಡಿಟ್ ಕಾಯ್ದೆಯ 78ನೇ ಸೆಕ್ಷನ್ ಪ್ರಕಾರ ಒಪ್ಪಂದದ ಪ್ರತಿ ಕೇಳಿ. ಕಂತಿನ ಸಾಲವಾಗಿದ್ದರೆ 77ನೇ ಸೆಕ್ಷನ್. ಶುಲ್ಕ ಒಂದು ಪೌಂಡ್. ಅದನ್ನು ಪೋಸ್ಟಲ್ ಆರ್ಡರಿನಲ್ಲಿ ಕಳಿಸಿ, 'ಇದು ಸೆಕ್ಷನ್ 78ರ ಶುಲ್ಕ ಮಾತ್ರ, ಸಾಲದ ಲೆಕ್ಕಕ್ಕೆ ಜಮಾ ಮಾಡಬಾರದು' ಎಂದು ಕಾಗದದಲ್ಲೂ ಪೋಸ್ಟಲ್ ಆರ್ಡರಿನ ಹಿಂದೆಯೂ ಬರೆಯಿರಿ. ಹಾಗೆ ಬರೆಯದೆ ಕಳಿಸಿದ ಪೌಂಡು ಕಂತಿನ ಸಾಲಿಗೆ ಸೇರಿಬಿಟ್ಟರೆ ಆಮೇಲೆ ತಲೆನೋವು. 'ಈ ಸಾಲವನ್ನು ನಾನು ಒಪ್ಪಿಕೊಂಡಿಲ್ಲ' ಎಂಬ ವಾಕ್ಯವೂ ಇರಲಿ. 12 ಕೆಲಸದ ದಿನಗಳಲ್ಲಿ ಪ್ರತಿ ಬರದಿದ್ದರೆ, ಅದು ಬರುವತನಕ ಅವರು ಕೋರ್ಟಿನಲ್ಲಿ ತೀರ್ಪು ಪಡೆಯುವಂತಿಲ್ಲ. ಹಣ ಕೇಳುವುದನ್ನು, ಕ್ರೆಡಿಟ್ ವರದಿಯಲ್ಲಿ ತೋರಿಸುವುದನ್ನು ಇದು ತಡೆಯುವುದಿಲ್ಲ. ನಿಮ್ಮ ಸಹಿ ಇರುವ ಮೂಲ ಪ್ರತಿಯೇ ಬೇಕು ಎಂದು ಹಟ ಹಿಡಿದು ಪ್ರಯೋಜನವಿಲ್ಲ. ತಮ್ಮ ದಾಖಲೆಯಿಂದ ಅವರು ಮತ್ತೆ ಜೋಡಿಸಿದ ಪ್ರತಿಯನ್ನೂ ಕೋರ್ಟು ಒಪ್ಪುತ್ತದೆ.

ಕಾಲಮಿತಿ ಮುಗಿದದ್ದು ಖಚಿತವಾದರೆ 'ಕಾಲಮಿತಿ ಮೀರಿದ ಸಾಲ, ನಾನು ಕಟ್ಟುವುದಿಲ್ಲ' ಎಂದು ಒಂದೇ ಸಲ ಬರೆದು ತಿಳಿಸಿ. ಎಫ್‌ಸಿಎ ನಿಯಮದಂತೆ ಆಮೇಲೂ ಅವರು ಬೆನ್ನು ಹತ್ತುವಂತಿಲ್ಲ. ಸ್ಕಾಟ್ಲೆಂಡ್‌ನಲ್ಲಿ ಅವಧಿ ಐದೇ ವರ್ಷ, ಅದು ಮುಗಿದರೆ ಸಾಲವೇ ಇಲ್ಲವಾಗುತ್ತದೆ. ಕೌನ್ಸಿಲ್ ಟ್ಯಾಕ್ಸ್ (ಮನೆಗೆ ಸ್ಥಳೀಯ ಆಡಳಿತ ಹಾಕುವ ತೆರಿಗೆ), ಆದಾಯ ತೆರಿಗೆಗೆ ಈ ಲೆಕ್ಕ ಹಚ್ಚಬೇಡಿ.

ಪ್ರಶ್ನೆ: ಏಜೆನ್ಸಿಯ ಐದಾರು ಕಾಗದ ಕಸದ ಬುಟ್ಟಿಗೆ ಹಾಕಿದೆ. ಈಗ ವಕೀಲರ ಕಂಪನಿಯಿಂದ 'ಲೆಟರ್ ಆಫ್ ಕ್ಲೇಮ್' ಬಂದಿದೆ, ಜೊತೆಗೆ ಒಂದು ಫಾರಂ. ಇದೂ ಬರೀ ಬೆದರಿಕೆಯೇ? (ಮಿಲ್ಟನ್ ಕೀನ್ಸ್)

ಉತ್ತರ: ಅಲ್ಲ. ಇಲ್ಲಿಂದ ಮುಂದೆ ಕಸದ ಬುಟ್ಟಿಯನ್ನು ದೂರ ಇಡಿ.

2017ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ನಿಯಮದಂತೆ, ವ್ಯಕ್ತಿಯ ಮೇಲೆ ಸಾಲದ ದಾವೆ ಹೂಡುವ ಮೊದಲು ಕಂಪನಿ ಈ ಕಾಗದ ಕಳಿಸಿ 30 ದಿನ ಕಾಯಬೇಕು. ಜೊತೆಗಿರುವ ರಿಪ್ಲೈ ಫಾರಂನಲ್ಲಿ ಸಾಲ ಒಪ್ಪುತ್ತೇನೆ, ಸ್ವಲ್ಪ ಒಪ್ಪುತ್ತೇನೆ, ಒಪ್ಪುವುದಿಲ್ಲ, ಇದೆಯೋ ಇಲ್ಲವೋ ಗೊತ್ತಿಲ್ಲ ಎಂಬ ಆಯ್ಕೆಗಳಿವೆ. ಕೊನೆಯದಕ್ಕೆ ಟಿಕ್ ಹಾಕಲು ನಾಚಿಕೆ ಬೇಡ, ದಾಖಲೆ ಕೇಳುವ ಜಾಗವೂ ಅದರಲ್ಲೇ ಇದೆ. ಫಾರಂ ತುಂಬಿ ಕಳಿಸಿದರೆ, ಅದು ತಲುಪಿ 30 ದಿನ ಅಥವಾ ನೀವು ಕೇಳಿದ ದಾಖಲೆ ಅವರು ಕೊಟ್ಟು 30 ದಿನ, ಯಾವುದು ತಡವೋ ಅಲ್ಲಿಯತನಕ ದಾವೆ ಹೂಡುವಂತಿಲ್ಲ.

ಅದನ್ನೂ ಬಿಟ್ಟರೆ ಬರುವುದು ಕೌಂಟಿ ಕೋರ್ಟಿನ ಕ್ಲೇಮ್ ಫಾರಂ. ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ನೋಡಿ. ಫಾರಂ ಮೇಲಿನ ಇಶ್ಯೂ ತಾರೀಖು ಮಾರ್ಚ್ 3 ಎಂದಿದ್ದರೆ, ಐದು ದಿನ ಸೇರಿಸಿ ಮಾರ್ಚ್ 8ಕ್ಕೆ ನಿಮಗೆ ತಲುಪಿತು ಎಂದೇ ಲೆಕ್ಕ, ನೀವು ಊರಲ್ಲಿರಲಿ ಬಿಡಲಿ. ಅಲ್ಲಿಂದ 14 ದಿನ, ಅಂದರೆ ಮಾರ್ಚ್ 22ರೊಳಗೆ ಉತ್ತರ ಹೋಗಬೇಕು. 'ನೋಟಿಸು ತಲುಪಿದೆ, ವಿರೋಧಿಸುತ್ತೇನೆ' ಎಂಬ ಅಕ್ನಾಲೆಜ್‌ಮೆಂಟ್ ಅನ್ನು ಆನ್‌ಲೈನಿನಲ್ಲಿ ಹಾಕಿದರೆ ಪ್ರತಿವಾದ ಸಲ್ಲಿಸಲು ಮಾರ್ಚ್ 8ರಿಂದ 28 ದಿನ, ಏಪ್ರಿಲ್ 5ರತನಕ ಸಿಗುತ್ತದೆ. ಕೊನೆಯ ದಿನಕ್ಕೆ ಕಾಯಬೇಡಿ.

ಸಾಲ ನಿಮ್ಮದೇ ಎಂದಾದರೆ ಎನ್‌9ಎ ಫಾರಂನಲ್ಲಿ ಆದಾಯ, ಖರ್ಚು ತುಂಬಿ ಕಂತು ಕೇಳಬಹುದು. ಪೂರ್ತಿ ಒಪ್ಪಿಕೊಳ್ಳುವಾಗ ಆ ಫಾರಂ ಹೋಗಬೇಕಾದ್ದು ದಾವೆ ಹೂಡಿದವರಿಗೆ, ಕೋರ್ಟಿಗಲ್ಲ. ಇದನ್ನು ತಪ್ಪಾಗಿ ಕೋರ್ಟಿಗೆ ಕಳಿಸಿ ದಿನ ಕಳೆದುಕೊಳ್ಳುವವರಿದ್ದಾರೆ.

ಏನೂ ಕಳಿಸದಿದ್ದರೆ ವಿಚಾರಣೆ ಇಲ್ಲದೆಯೇ ತೀರ್ಪು, ಅಂದರೆ ಸಿಸಿಜೆ (ಕೌಂಟಿ ಕೋರ್ಟ್ ಜಡ್ಜ್‌ಮೆಂಟ್) ಆಗುತ್ತದೆ. ಒಂದು ತಿಂಗಳೊಳಗೆ ಪೂರ್ತಿ ಕಟ್ಟಿದರೆ ಅದು ತೀರ್ಪುಗಳ ರಿಜಿಸ್ಟರಿನಿಂದ ಅಳಿಯುತ್ತದೆ. ತಡವಾದರೆ ಕಟ್ಟಿದ ಮೇಲೂ 'ತೀರಿದೆ' ಎಂಬ ಗುರುತಿನೊಂದಿಗೆ ಆರು ವರ್ಷ ಉಳಿಯುತ್ತದೆ. ಮನೆ ಸಾಲಕ್ಕೆ ಬ್ಯಾಂಕಿಗೆ ಹೋದಾಗ ಅದರ ಬಿಸಿ ತಟ್ಟುತ್ತದೆ. ಬೇಲಿಫ್ ಬರುವ ದಾರಿಯೂ ಇದೇ.

ಪ್ರಶ್ನೆ: ಸೂಪರ್‌ಮಾರ್ಕೆಟ್ ಪಾರ್ಕಿಂಗ್‌ನಲ್ಲಿ ಹೊತ್ತು ಮೀರಿದ್ದಕ್ಕೆ 100 ಪೌಂಡ್ ನೋಟಿಸು ಬಂದಿತ್ತು. ಈಗ ಏಜೆನ್ಸಿ 170 ಕೇಳುತ್ತಿದೆ. (ಸ್ಲೌ)

ಉತ್ತರ: ಮೊದಲು ನೋಟಿಸಿನ ಪೂರ್ತಿ ಹೆಸರು ಓದಿ. ಎರಡು ಬಗೆಯ ನೋಟಿಸಿಗೂ ಜನ ಪಿಸಿಎನ್ ಎಂದೇ ಕರೆಯುತ್ತಾರೆ. 'ಪೆನಾಲ್ಟಿ ಚಾರ್ಜ್ ನೋಟಿಸ್' ಕೌನ್ಸಿಲಿನದು: ಅದನ್ನು ಬಿಟ್ಟರೆ ಬೇಲಿಫ್ ತನಕ ಹೋಗುತ್ತದೆ. 'ಪಾರ್ಕಿಂಗ್ ಚಾರ್ಜ್ ನೋಟಿಸ್' ಖಾಸಗಿ ಕಂಪನಿಯದು: ಅದು ದಂಡವಲ್ಲ, ಒಪ್ಪಂದ ಮುರಿದದ್ದಕ್ಕೆ ಕೇಳುವ ಹಣ. ನಿಮ್ಮದು ಎರಡನೆಯದು. ಮೇಲೆ ಸೇರಿಸಿದ 70 ಪೌಂಡ್ ವಸೂಲಿ ಖರ್ಚು, ಅದರ ಮೇಲೆ ಕೋರ್ಟುಗಳಲ್ಲಿ ತಕರಾರು ನಡೆದೇ ಇದೆ. ಏಜೆನ್ಸಿಯ ಕಾಗದಗಳಿಗೆ ಬಲವಿಲ್ಲ, ಆದರೆ ಪಾರ್ಕಿಂಗ್ ಕಂಪನಿ ಕೋರ್ಟಿಗೆ ಹೋಗಬಹುದು, ಹೋಗುತ್ತದೆ ಕೂಡ. ಅಂಗಡಿಯ ರಸೀದಿ ಇದ್ದರೆ ಅಂಗಡಿಯ ಮ್ಯಾನೇಜರಿಗೆ ತೋರಿಸಿ. ಒಂದು ಮಾತಿನಲ್ಲಿ ರದ್ದಾಗುವ ಸಾಧ್ಯತೆ ಇರುವ ಜಾಗ ಅದೊಂದೇ. ಮನೆ ಬದಲಿಸಿದಾಗ ಡಿವಿಎಲ್‌ಎಯಲ್ಲಿ (ನಮ್ಮ ಆರ್‌ಟಿಒ ಇದ್ದ ಹಾಗೆ) ಲೈಸೆನ್ಸಿನ ವಿಳಾಸದ ಜೊತೆ ಗಾಡಿಯ ಲಾಗ್‌ಬುಕ್ಕಿನ ವಿಳಾಸವನ್ನೂ ಬದಲಿಸಿ. ಎರಡನೆಯದು ಮರೆತರೆ ಕೋರ್ಟಿನ ಕಾಗದ ಹಳೇ ಮನೆಗೆ ಹೋಗುತ್ತದೆ.

ಪ್ರಶ್ನೆ: ಮಗ ಕವೆಂಟ್ರಿಯಲ್ಲಿ ಎಂಎಸ್ಸಿ ಮುಗಿಸಿ ಮೈಸೂರಿಗೆ ಬಂದಿದ್ದಾನೆ. ಬಾಡಿಗೆ ಮನೆಯ ಕೌನ್ಸಿಲ್ ಟ್ಯಾಕ್ಸ್ ಬಾಕಿ ಎಂದು ಇಮೇಲ್ ಬರುತ್ತಿದೆ. ಇಲ್ಲಿಯವರೆಗೆ ಬರುತ್ತಾರೆಯೇ? ಮುಂದೆ ವೀಸಾಕ್ಕೆ ತೊಂದರೆಯೇ? (ಮೈಸೂರು)

ಉತ್ತರ: ಪೂರ್ಣಾವಧಿ ವಿದ್ಯಾರ್ಥಿಗಳೇ ಇದ್ದ ಮನೆಗೆ ಕೌನ್ಸಿಲ್ ಟ್ಯಾಕ್ಸ್ ಇಲ್ಲ. ಕೋರ್ಸಿನ ಆರಂಭ, ಮುಕ್ತಾಯದ ತಾರೀಖು ಇರುವ ಪತ್ರವನ್ನು ವಿಶ್ವವಿದ್ಯಾಲಯದಿಂದ ಈಗಲೂ ತರಿಸಿ ಕೌನ್ಸಿಲಿಗೆ ಕಳಿಸಿ. ಕೋರ್ಸು ಮುಗಿದ ಮೇಲೂ ಆ ಮನೆಯಲ್ಲಿದ್ದ ದಿನಗಳಿಗೆ ಮಾತ್ರ ಲೆಕ್ಕ ಉಳಿಯಬಹುದು. ಒಬ್ಬರಾದರೂ ಕೆಲಸಕ್ಕೆ ಹೋಗುವವರು ಜೊತೆಗಿದ್ದರೆ ಪರಿಸ್ಥಿತಿ ಬೇರೆ.

ಇನ್ನು ಭಾರತದ ಮಾತು. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಸೆಕ್ಷನ್ ಬ್ರಿಟನ್ನಿನ ಹೈಕೋರ್ಟಿನಂಥ ಮೇಲಿನ ಕೋರ್ಟುಗಳ ಡಿಕ್ರಿಯನ್ನು ಇಲ್ಲಿ ನೇರವಾಗಿ ಜಾರಿ ಮಾಡಲು ಬಿಡುತ್ತದೆ. ಕೌಂಟಿ ಕೋರ್ಟು ಆ ಪಟ್ಟಿಯಲ್ಲಿಲ್ಲ. ಅದರ ತೀರ್ಪಿನ ಮೇಲೆ ಇಲ್ಲಿ ಹೊಸ ದಾವೆ ಹೂಡಬೇಕು. ಕೆಲವು ನೂರು ಪೌಂಡಿಗೆ ಅಷ್ಟು ಖರ್ಚು ಯಾರಿಗೂ ಗಿಟ್ಟುವುದಿಲ್ಲ. ಅಲ್ಲಿನ ಕ್ರೆಡಿಟ್ ದಾಖಲೆಯೂ ಇಲ್ಲಿನ ಸಿಬಿಲ್ ದಾಖಲೆಯೂ ಬೇರೆ ಬೇರೆ. ಆದರೆ ಮತ್ತೆ ಅಲ್ಲಿಗೆ ಹೋಗುವ ಆಲೋಚನೆ ಇದ್ದರೆ ಬಾಕಿ ಅಲ್ಲೇ ಕಾಯುತ್ತಿರುತ್ತದೆ. ಖಾಸಗಿ ಸಾಲ ತಾನಾಗಿ ವೀಸಾ ತಿರಸ್ಕಾರಕ್ಕೆ ಕಾರಣವಲ್ಲ. ಆದರೆ ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಗೆ 500 ಪೌಂಡ್ ಅಥವಾ ಹೆಚ್ಚು ಬಾಕಿ ಇದ್ದರೆ ವೀಸಾ ನಿರಾಕರಿಸಬಹುದು. ಆ ಕಾಗದ ಬಂದಿದ್ದರೆ ಅದನ್ನು ಮೊದಲು ತೀರಿಸಿ.

ಪ್ರಶ್ನೆ: ಕೆಲಸ ಹೋಗಿದೆ, ಸಾಲ ನಿಜ, ಮೂರು ಏಜೆನ್ಸಿ ದಿನಾ ಫೋನ್ ಮಾಡುತ್ತವೆ. (ಬರ್ಮಿಂಗ್‌ಹ್ಯಾಮ್)

ಉತ್ತರ: ಹೆಚ್ಚು ಗದರುವವರಿಗೆ ಮೊದಲು ಕಟ್ಟಬೇಡಿ. ಬಾಡಿಗೆ, ಕೌನ್ಸಿಲ್ ಟ್ಯಾಕ್ಸ್, ಕರೆಂಟು, ಗ್ಯಾಸು ಮೊದಲು, ಕಾರ್ಡುಗಳು ಕೊನೆಗೆ. ಸ್ಟೆಪ್‌ಚೇಂಜ್, ನ್ಯಾಷನಲ್ ಡೆಟ್‌ಲೈನ್, ಸಿಟಿಜನ್ಸ್ ಅಡ್ವೈಸ್ ಬಿಟ್ಟಿ ಸಲಹೆ ಕೊಡುತ್ತವೆ, ಇದಕ್ಕೆ ಫೀಸು ಕೇಳುವವರ ಹತ್ತಿರ ಹೋಗಬೇಡಿ. ಸಲಹೆಗಾರರ ಮೂಲಕ 'ಬ್ರೀದಿಂಗ್ ಸ್ಪೇಸ್' ಕೇಳಿ. 2021ರ ಮೇ 4ರಿಂದ ಇರುವ ಈ ವ್ಯವಸ್ಥೆಯಲ್ಲಿ ಅದರೊಳಗೆ ಬರುವ ಸಾಲಗಳಿಗೆ 60 ದಿನ ಬಡ್ಡಿ, ಫೋನು, ಬೇಲಿಫ್ ಎಲ್ಲಕ್ಕೂ ತಡೆ. ನೇರವಾಗಿ ನೀವೇ ಅರ್ಜಿ ಹಾಕಲು ಬರುವುದಿಲ್ಲ. ಏಜೆನ್ಸಿ ಕಡಿಮೆ ಮೊತ್ತಕ್ಕೆ ಒಪ್ಪಿದರೆ, ಉಳಿದದ್ದನ್ನು ಮುಂದೆ ಯಾರೂ ಕೇಳುವುದಿಲ್ಲ ಎಂಬ ಬರಹ ಕೈಗೆ ಬಂದ ಮೇಲೆಯೇ ಹಣ ಕಳಿಸಿ. ಬೈಗುಳ, ಅತಿಯಾದ ಕರೆ ಇದ್ದರೆ ತಾರೀಖು, ವೇಳೆ ಬರೆದಿಟ್ಟುಕೊಂಡು ಏಜೆನ್ಸಿಗೇ ದೂರು ಕೊಡಿ. ಕಾರ್ಡು, ಬ್ಯಾಂಕ್ ಸಾಲದ ವಿಷಯವಾದರೆ ಎಂಟು ವಾರದಲ್ಲಿ ಸರಿಹೋಗದಿದ್ದಾಗ ಫೈನಾನ್ಷಿಯಲ್ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು.

ಪ್ರಶ್ನೆ: ಹಿಂದಿನ ಬಾಡಿಗೆದಾರರ ಹೆಸರಿಗೆ ಏಜೆನ್ಸಿ ಕಾಗದ ಬರುತ್ತಲೇ ಇದೆ. ನಮ್ಮ ಕ್ರೆಡಿಟ್ ಹಾಳಾಗುತ್ತದೆಯೇ? (ಹೌನ್ಸ್‌ಲೋ)

ಉತ್ತರ: ಇಲ್ಲ. ಕ್ರೆಡಿಟ್ ದಾಖಲೆ ವ್ಯಕ್ತಿಗೆ ಅಂಟಿದ್ದು, ಗೋಡೆಗಲ್ಲ. ಲಕೋಟೆಯ ಮೇಲೆ ಬೇಲಿಫ್ ಕಂಪನಿಯ ಹೆಸರಿದ್ದರೆ ಮಾತ್ರ ಅವರಿಗೆ ಫೋನ್ ಮಾಡಿ, ನಿಮ್ಮ ಬಾಡಿಗೆ ಕರಾರು ಮತ್ತು ಕೌನ್ಸಿಲ್ ಟ್ಯಾಕ್ಸ್ ಬಿಲ್ಲಿನ ಪ್ರತಿ ಕಳಿಸಿ, ಒಂದು ಪ್ರತಿ ಬಾಗಿಲ ಹತ್ತಿರವೂ ಇರಲಿ. ಉಳಿದ ಲಕೋಟೆಗಳನ್ನು ಒಡೆಯಬೇಡಿ. ವಿಳಾಸಕ್ಕೆ ಗೀಟು ಹಾಕಿ 'ಈ ವಿಳಾಸದಲ್ಲಿ ಇಲ್ಲ, ಕಳಿಸಿದವರಿಗೆ ಹಿಂದಿರುಗಿಸಿ' ಎಂದು ಇಂಗ್ಲಿಷಿನಲ್ಲಿ ಬರೆದು ರಸ್ತೆಯ ಕೆಂಪು ಡಬ್ಬಿಗೆ ಹಾಕಿ. ಸ್ಟಾಂಪು ಬೇಡ.