ಮರೆವನ್ನು ಮುಚ್ಚಿಡುವ ದುಡಿಮೆ

ಓದುಗರೊಬ್ಬರ ಪತ್ರದ ಸಾರ: "ನನಗೆ ಲೂಪಸ್ ಇದೆ, ಅಂದರೆ ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಕೀಲುನೋವನ್ನೂ ಸುಸ್ತನ್ನೂ ಹೇಗೋ ಸಹಿಸಿಕೊಂಡಿದ್ದೇನೆ, ಮರೆವನ್ನು ಮಾತ್ರ ಸಹಿಸಲಾಗುತ್ತಿಲ್ಲ. ಬೆಳಗಿನ ಸಭೆಯಲ್ಲಿ ಒಪ್ಪಿಕೊಂಡ ಕೆಲಸ ಸಂಜೆಗೆ ತಲೆಯಲ್ಲಿರುವುದಿಲ್ಲ. ನಡುವೆ ಯಾರಾದರೂ ಮಾತನಾಡಿಸಿದರೆ ಎಲ್ಲಿ ಬಿಟ್ಟಿದ್ದೆನೆಂಬುದೇ ತಿಳಿಯುವುದಿಲ್ಲ. ದಿನಾ ಆಡುವ ಪದವೇ ಬಾಯಿಗೆ ಬರುವುದಿಲ್ಲ. ಯಾರಿಗೂ ಗೊತ್ತಾಗದಿರಲೆಂದು ರಾತ್ರಿ ಮನೆಯಲ್ಲಿ ಕುಳಿತು ಹಗಲಿನ ಕೆಲಸವನ್ನೆಲ್ಲ ಮತ್ತೆ ಪರಿಶೀಲಿಸುತ್ತೇನೆ. ಜ್ಞಾಪಕಶಕ್ತಿ ಹೆಚ್ಚಿಸುವ ಮೊಬೈಲ್ ಆಟಗಳನ್ನೂ ಆಡುತ್ತಿದ್ದೇನೆ. ನನ್ನ ನೆನಪನ್ನು ಸರಿಪಡಿಸಿಕೊಳ್ಳುವುದು ಹೇಗೆ? ಮೇಲಧಿಕಾರಿಗೆ ಹೇಳಬೇಕೇ? ರಾಜೀನಾಮೆ ಕೊಡುವುದೇ ಲೇಸೇ?"

ಸಂಪಾದಕರ ಉತ್ತರ:

ನೀವು ಕೇಳಿರುವ ಮೂರು ಪ್ರಶ್ನೆಗಳಿಗಿಂತ, ಪತ್ರದ ನಡುವೆ ಹೇಳಿ ಮುಂದೆ ಸಾಗಿರುವ ರಾತ್ರಿಯ ಪರಿಶೀಲನೆಯ ಮಾತು ನನ್ನಲ್ಲಿ ಹೆಚ್ಚು ಕಳವಳ ಹುಟ್ಟಿಸಿತು. ಮರೆವಿನಿಂದ ಆಗುವ ನಷ್ಟ ಒಂದಾದರೆ, ಅದನ್ನು ಮುಚ್ಚಿಡಲು ತೆರುವ ಬೆಲೆ ಇನ್ನೊಂದು. ನಿಮ್ಮ ವಿಷಯದಲ್ಲಿ ಎರಡನೆಯದೇ ದೊಡ್ಡದಾಗಿ ಬೆಳೆದಂತೆ ಕಾಣುತ್ತದೆ. ಹಗಲಿನಲ್ಲಿ ಕಲಿತದ್ದನ್ನು ಮಿದುಳು ಗಟ್ಟಿಗೊಳಿಸಿಕೊಳ್ಳುವುದು ಬಹುಮಟ್ಟಿಗೆ ನಿದ್ದೆಯಲ್ಲಿ. ಆ ನಿದ್ದೆಯನ್ನೇ ಕಡಿದು ತಪ್ಪು ಹುಡುಕುತ್ತಾ ಕುಳಿತರೆ ಮರುದಿನದ ಮರೆವಿಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಈ ಉತ್ತರದಲ್ಲಿ ನಾನು ಹೇಳಬೇಕೆಂದಿರುವುದೂ ಇಷ್ಟೇ: ನೆನಪಿಟ್ಟುಕೊಳ್ಳುವ ಹೊರೆಯನ್ನು ಸಾಧ್ಯವಾದಷ್ಟು ತಲೆಯಿಂದ ಹೊರಗೆ ಇಳಿಸಿ, ಅದನ್ನೂ ರಾತ್ರಿ ಗುಟ್ಟಾಗಿ ಮಾಡದೆ ಹಗಲಿನಲ್ಲಿ, ಕೆಲಸದ ಭಾಗವಾಗಿ, ನಾಲ್ಕು ಜನರ ಕಣ್ಣೆದುರಿಗೇ ಮಾಡಿ.

ಮೊದಲಿಗೆ, ಇದು ನಿಮ್ಮ ಅಸಡ್ಡೆಯೂ ಅಲ್ಲ, ಕಲ್ಪನೆಯೂ ಅಲ್ಲ. ಲೂಪಸ್ ನರಮಂಡಲದ ಮೇಲೆ ಉಂಟುಮಾಡಬಲ್ಲ 19 ಬಗೆಯ ತೊಂದರೆಗಳನ್ನು ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆಯಾದ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ 1999ರಲ್ಲಿ ಪಟ್ಟಿ ಮಾಡಿತು; ಗಮನ, ನೆನಪು, ಯೋಚನೆಯ ವೇಗ ಇವು ಕುಂದುವುದು ಅದರಲ್ಲಿ ಸೇರಿದೆ. ಮೈಯೆಲ್ಲ ನೋವು, ಸುಸ್ತು ತರುವ ಫೈಬ್ರೊಮಯಾಲ್ಜಿಯ ಎಂಬ ಕಾಯಿಲೆಯನ್ನು ಗುರುತಿಸಲು ಅದೇ ಸಂಸ್ಥೆ 2010ರಲ್ಲಿ ಹೊರತಂದ ಮಾನದಂಡದಲ್ಲಿಯೂ ಇಂಥ ಲಕ್ಷಣಗಳಿಗೆ ಅಂಕವಿದೆ. ಮಲ್ಟಿಪಲ್ ಸ್ಕ್ಲೆರೋಸಿಸ್, ಥೈರಾಯ್ಡ್ ಕೊರತೆ, ದೀರ್ಘಕಾಲದ ಕೋವಿಡ್, ಕ್ಯಾನ್ಸರ್ ಚಿಕಿತ್ಸೆಯ ನಂತರದ ದಿನಗಳು ಹೀಗೆ ಬೇರೆ ಬೇರೆ ಕಾಯಿಲೆಗಳೊಂದಿಗೆ ಬಾಳುವವರು "ತಲೆಗೆ ಮಂಜು ಕವಿದಂತಾಗಿದೆ" ಎಂದು ಒಂದೇ ಮಾತನ್ನು ಹೇಳುವುದು ಕಾಕತಾಳೀಯವಲ್ಲ.

ಆದರೆ ಮರೆವು ಎಂದು ನಾವು ಕರೆಯುವುದರಲ್ಲಿ ಬಹುಪಾಲು ಉಗ್ರಾಣದ ದೋಷವಲ್ಲ, ಬಾಗಿಲಿನ ದೋಷ. ನಿಮ್ಮ ಹಳೆಯ ಅನುಭವವಾಗಲಿ, ಲೆಕ್ಕದ ನಿಯಮಗಳಾಗಲಿ ಅಳಿಸಿಹೋಗಿವೆಯೆಂದು ನೀವು ಎಲ್ಲಿಯೂ ಬರೆದಿಲ್ಲ. ಕೈಬಿಟ್ಟು ಹೋಗುತ್ತಿರುವುದು ಈಗಷ್ಟೇ ಕೇಳಿದ್ದು, ಈಗಷ್ಟೇ ಮಾಡುತ್ತಿದ್ದದ್ದು, ಇನ್ನು ಮುಂದೆ ಮಾಡಬೇಕಾದದ್ದು. ಕ್ಷಣಕಾಲ ಮನಸ್ಸಿನಲ್ಲಿ ಹಿಡಿದಿಟ್ಟು ಕೆಲಸ ಮಾಡುವ ಈ ಸಾಮರ್ಥ್ಯ ಆರೋಗ್ಯವಂತರಲ್ಲಿಯೂ ತೀರ ಕಿರಿದು. ಅದು ಏಳು ಅಂಶಗಳ ಆಸುಪಾಸಿನಲ್ಲಿದೆ ಎಂದು ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದಿದ್ದರು. 2001ರಲ್ಲಿ ಇನ್ನೊಬ್ಬ ಮನೋವಿಜ್ಞಾನಿ ನೆಲ್ಸನ್ ಕವನ್ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ಇಷ್ಟು ಇಕ್ಕಟ್ಟಾದ ಜಾಗದಲ್ಲಿ ನೋವೂ ಬಂದು ಕುಳಿತರೆ, ಜೊತೆಗೆ "ಈಗ ಏನನ್ನು ಮರೆಯುತ್ತಿದ್ದೇನೋ" ಎಂಬ ಅಂಜಿಕೆಯೂ ಸೇರಿದರೆ, ಮೇಲಧಿಕಾರಿ ಹೇಳಿದ ಮೂರು ದಿನಾಂಕಗಳಿಗೆ ಉಳಿಯುವ ಸ್ಥಳವೆಷ್ಟು?

ಕಚೇರಿಯ ಉಪಾಯಗಳಿಗೆ ಬರುವ ಮುನ್ನ ವೈದ್ಯರ ವಿಷಯವನ್ನು ಮುಗಿಸಿಬಿಡುತ್ತೇನೆ, ಏಕೆಂದರೆ ಎಲ್ಲವನ್ನೂ ಮೂಲ ಕಾಯಿಲೆಯ ತಲೆಗೆ ಕಟ್ಟಿ ಸುಮ್ಮನಾಗುವುದು ನಮ್ಮೆಲ್ಲರ ಅಭ್ಯಾಸ. ರಕ್ತಹೀನತೆ, ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ಏರುಪೇರು, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಖಿನ್ನತೆ ಇವೆಲ್ಲವೂ ನೆನಪನ್ನು ಮಂಕಾಗಿಸುತ್ತವೆ, ಮತ್ತು ಇವಕ್ಕೆ ಚಿಕಿತ್ಸೆಯಿದೆ. ಔಷಧಿಗಳನ್ನೂ ಒಮ್ಮೆ ಸಾಲಾಗಿ ಬರೆದು ತೋರಿಸಿ. ಸ್ಟೀರಾಯ್ಡ್ ನಿದ್ದೆ ಕೆಡಿಸಬಲ್ಲದು. ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಗಬಾಪೆಂಟಿನ್, ಪ್ರಿಗಾಬಾಲಿನ್ ಕೆಲವರಲ್ಲಿ ಮಂಕು ತರುತ್ತವೆ. ನೆಗಡಿಗೆಂದು ಚೀಟಿಯಿಲ್ಲದೆ ಕೊಳ್ಳುವ ಕ್ಲೋರ್‌ಫೆನಿರಮಿನ್‌ನಂಥ ಹಳೆಯ ಅಲರ್ಜಿ ಮಾತ್ರೆಗಳೂ ಹಾಗೆಯೇ. ಇಂಥ ಮಾತ್ರೆಗಳನ್ನು ವೈದ್ಯರಿಗೆ ಹೇಳಲು ನಮಗೆ ನೆನಪಾಗುವುದೇ ಇಲ್ಲ, ಏಕೆಂದರೆ ಅವನ್ನು ನಾವು ಔಷಧಿಯೆಂದೇ ಎಣಿಸಿರುವುದಿಲ್ಲ. ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಸ್ಟೀರಾಯ್ಡನ್ನಂತೂ ಥಟ್ಟನೆ ನಿಲ್ಲಿಸುವುದು ಅಪಾಯ. ಪ್ರಮಾಣವನ್ನೋ ಸೇವಿಸುವ ಹೊತ್ತನ್ನೋ ಬದಲಿಸಬಹುದೇ ಎಂದು ಕೇಳಿ. ಇನ್ನು ಗೊಂದಲ ಇದ್ದಕ್ಕಿದ್ದಂತೆ ಬಂದರೆ, ಮಾತು ತೊದಲಿದರೆ, ಒಂದು ಪಕ್ಕದ ಕೈಕಾಲು ಸೋತರೆ, ಅಥವಾ ಸೆಳವು ಬಂದರೆ, ಅದು ಇಲ್ಲಿ ಚರ್ಚಿಸುತ್ತಿರುವ ಮರೆವಲ್ಲ. ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಇನ್ನು ಕೆಲಸದ ಮೇಜಿಗೆ ಬರೋಣ. ನಿಮ್ಮ ತೊಂದರೆ ಮೂರು ಜಾಗಗಳಲ್ಲಿ ಕಾಣಿಸುತ್ತಿದೆ, ಮೂರಕ್ಕೂ ಪರಿಹಾರ ಬೇರೆ ಬೇರೆ.

ಬಾಯಿಮಾತಿನಲ್ಲಿ ಕೇಳಿಸಿಕೊಂಡದ್ದು ನಿಲ್ಲುವುದಿಲ್ಲ ಎಂಬುದು ಮೊದಲನೆಯದು. ವಿಮಾನ ಚಾಲಕರು ನಿಯಂತ್ರಣ ಗೋಪುರದಿಂದ ಬಂದ ಎತ್ತರ, ದಿಕ್ಕು, ಓಡುದಾರಿಯ ಸೂಚನೆಯನ್ನು ಕೇಳಿದೊಡನೆ ಅದನ್ನು ಪುನರುಚ್ಚರಿಸುತ್ತಾರೆ. ತಪ್ಪಿದ್ದರೆ ಅತ್ತಲಿನವರು ಅಲ್ಲಿಯೇ ತಿದ್ದುತ್ತಾರೆ. ಜಗತ್ತಿನಾದ್ಯಂತ ಇದು ಅವರಿಗೆ ಕಡ್ಡಾಯ. ಇದನ್ನು ಯಾರೂ ಅವರ ಜ್ಞಾಪಕಶಕ್ತಿಯ ಕೊರತೆಯೆಂದು ತಿಳಿಯುವುದಿಲ್ಲ. ಕೇಳಿದ್ದನ್ನು ಯಾರೂ ಪೂರ್ತಿ ನಂಬಬಾರದೆಂಬುದು ಆ ವೃತ್ತಿಯ ಮೂಲ ಎಚ್ಚರ. ನೀವೂ ಸಭೆ ಮುಗಿಯುವ ಮುನ್ನ, "ಹಾಗಾದರೆ ಸರಬರಾಜುದಾರರ ಬಾಕಿಪಟ್ಟಿ ಗುರುವಾರದೊಳಗೆ ನನ್ನಿಂದ, ತಿದ್ದುಪಡಿ ನಿಮ್ಮಿಂದ, ಸರಿಯೇ?" ಎಂದು ಎಲ್ಲರೆದುರು ಹೇಳಿ, ಬರೆದುಕೊಂಡು, ಅದೇ ಎರಡು ಸಾಲನ್ನು ಇಮೇಲ್ ಮಾಡಿ. ಇದರಿಂದ ನಿಮ್ಮ ಮರೆವು ಬಯಲಾಗುತ್ತದೆಂದು ಅಂಜಬೇಡಿ. ನೋಡುವವರಿಗೆ ಅದು ಅಚ್ಚುಕಟ್ಟುತನವಾಗಿ ಕಾಣುತ್ತದೆ, ಮತ್ತು ಹೇಳಿದ್ದೇನೆಂಬುದನ್ನು ಹೇಳಿದವರೇ ಮರೆತಿರುವ ಸಂದರ್ಭಗಳು ಎಷ್ಟೆಂಬುದು ಆಗ ನಿಮಗೂ ತಿಳಿಯುತ್ತದೆ.

ಅಡಚಣೆಯಾದಾಗ ಎಳೆ ಕಡಿಯುವುದು ಎರಡನೆಯದು, ಮತ್ತು ನನ್ನ ಅಭಿಪ್ರಾಯದಲ್ಲಿ ನಿಮ್ಮ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲಿ ಹುಟ್ಟುತ್ತಿವೆ. ಯಾರಾದರೂ ಮಾತನಾಡಿಸಿದಾಗ ತಕ್ಷಣ ತಲೆಯೆತ್ತಬೇಡಿ. "ಒಂದು ನಿಮಿಷ" ಎಂದು ಹೇಳಿ, ಕಾಗದದ ಮೇಲೆ ಮುಂದಿನ ಹೆಜ್ಜೆಯನ್ನು ಬರೆಯಿರಿ: "47ನೇ ಸಾಲಿನವರೆಗೆ ತಾಳೆ ಆಯಿತು, 48ರ ರಸೀದಿ ನೋಡಬೇಕು." ಮಾಡಿ ಮುಗಿಸಿದ್ದನ್ನಷ್ಟೇ ಬರೆದರೆ ಸಾಲದು, ಮುಂದಿನದನ್ನು ಬರೆಯಬೇಕು, ಮರಳಿ ಬಂದಾಗ ಯೋಚಿಸದೆ ಕೈಹಚ್ಚಲು ಸಾಧ್ಯವಾಗುವುದು ಅದರಿಂದಲೇ. ಜೊತೆಗೆ ಪದೇ ಪದೇ ಬರುವ ಕೆಲಸಗಳಿಗೆ, ಅಂದರೆ ತಿಂಗಳ ಕೊನೆಯ ಲೆಕ್ಕ, ಪಾವತಿಗಳ ಬಿಡುಗಡೆ ಮುಂತಾದವುಗಳಿಗೆ, ಹಂತಹಂತದ ತಾಳೆಪಟ್ಟಿ ಮಾಡಿಕೊಂಡು ಒಂದೊಂದನ್ನೇ ಗುರುತು ಹಾಕುತ್ತ ಹೋಗಿ. ತಲೆ ತಿಳಿಯಾಗಿರುವ ದಿನ ಆ ಪಟ್ಟಿಯನ್ನು ತಯಾರಿಸಿ, ಮಂಜು ಕವಿದ ದಿನ ಅದನ್ನು ಕಣ್ಣುಮುಚ್ಚಿ ಅನುಸರಿಸಿ. 1935ರಲ್ಲಿ ಬೋಯಿಂಗ್ ಕಂಪನಿಯ ಮಾಡೆಲ್ 299 ವಿಮಾನ ಪರೀಕ್ಷಾ ಹಾರಾಟದಲ್ಲಿ ಬಿದ್ದದ್ದು, ನುರಿತ ಚಾಲಕರಿದ್ದೂ ನಿಯಂತ್ರಣ ಭಾಗಗಳ ಬೀಗ ತೆಗೆಯುವುದು ಮರೆತುಹೋದದ್ದರಿಂದ. ಚಾಲಕರ ತಾಳೆಪಟ್ಟಿ ಆನಂತರವೇ ರೂಢಿಗೆ ಬಂತು. ನೀವು ರಾತ್ರಿ ಮಾಡುತ್ತಿರುವ ಪರಿಶೀಲನೆಯನ್ನು ಇಂಥ ಪಟ್ಟಿ ಹಗಲಿನಲ್ಲಿಯೇ, ತಪ್ಪು ನುಸುಳುವ ಮುನ್ನವೇ ಮಾಡಿಕೊಡುತ್ತದೆ.

ಮೂರನೆಯದು ಮುಂದೆ ಮಾಡಬೇಕಾದದ್ದನ್ನು ಸರಿಯಾದ ಹೊತ್ತಿಗೆ ನೆನೆಯುವುದು. ಇದಕ್ಕೆ "ನೆನಪಿಟ್ಟುಕೊಳ್ಳುತ್ತೇನೆ" ಎಂಬ ಸಂಕಲ್ಪ ಕೆಲಸಕ್ಕೆ ಬಾರದು. ಇಂಥದ್ದು ಆದಾಗ ಇಂಥದ್ದನ್ನು ಮಾಡುತ್ತೇನೆ ಎಂದು ಕೆಲಸವನ್ನು ಒಂದು ಸಂದರ್ಭಕ್ಕೆ ಕಟ್ಟಿದರೆ ಅದು ನೆರವೇರುವ ಸಂಭವ ಹೆಚ್ಚೆಂದು ಪೀಟರ್ ಗೋಲ್‌ವಿಟ್ಸರ್ ಎಂಬ ಮನೋವಿಜ್ಞಾನಿಯ ಸಂಶೋಧನೆಗಳು ತೋರಿಸಿವೆ. "ಊಟ ಮುಗಿಸಿ ಕುರ್ಚಿಗೆ ಮರಳಿದೊಡನೆ ಬ್ಯಾಂಕಿಗೆ ಕರೆ ಮಾಡುತ್ತೇನೆ" ಎಂಬ ಬಗೆಯಲ್ಲಿ ಕಟ್ಟಿಕೊಳ್ಳಿ. ಮೊಬೈಲಿನ ಅಲಾರಾಂ ಇಟ್ಟರೆ, ಏನು ಮಾಡಬೇಕೆಂಬುದನ್ನೂ ಅದರಲ್ಲೇ ಬರೆದಿಡಿ, ಇಲ್ಲವಾದರೆ ಅದು ಸದ್ದು ಮಾಡಿದಾಗ ಏಕೆಂದು ತಿಳಿಯದೆ ಆರಿಸುವಂತಾಗುತ್ತದೆ. ಟಿಪ್ಪಣಿಗಳೆಲ್ಲ ಒಂದೇ ಕಡೆ ಇರಲಿ, ಅದು ಪುಸ್ತಕವಾದರೂ ಸರಿ, ಮೊಬೈಲಾದರೂ ಸರಿ. ಹತ್ತು ಕಡೆ ಅಂಟಿಸಿದ ಚೀಟಿಗಳು ಹತ್ತು ಜಾಗಗಳನ್ನು ನೆನಪಿಡುವ ಹೊಸ ಹೊರೆಯಾಗುತ್ತವೆ.

ಮೊಬೈಲ್ ಆಟಗಳ ವಿಚಾರವಾಗಿ ಹೆಚ್ಚು ಹೇಳಬೇಕಾಗಿಲ್ಲ. ಅವುಗಳಿಂದ ಆಟದಲ್ಲಿ ಚುರುಕಾಗುತ್ತೇವೆ, ಆ ಚುರುಕು ಕಚೇರಿಯ ಕೆಲಸಕ್ಕೆ ಹರಿದುಬರುತ್ತದೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ಇಂಥ ಭರವಸೆಯ ಜಾಹೀರಾತುಗಳಿಗಾಗಿ ಲುಮಾಸಿಟಿ ಆಟಗಳ ಕಂಪನಿ 2016ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ಗೆ 20 ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು. ಸಂತೋಷಕ್ಕಾಗಿ ಆಡಿ, ಚಿಕಿತ್ಸೆಯೆಂದು ಆಡುವುದಾದರೆ ಆ ಹೊತ್ತನ್ನು ನಡಿಗೆಗೋ ನಿದ್ದೆಗೋ ಕೊಡುವುದು ಮೇಲು.

ಮೇಲಧಿಕಾರಿಗೆ ಹೇಳಬೇಕೇ ಎಂಬುದಕ್ಕೆ ಎಲ್ಲರಿಗೂ ಹೊಂದುವ ಉತ್ತರವಿಲ್ಲ. ಹೇಳಿ ಪೇಚಿಗೆ ಸಿಕ್ಕವರೂ ಇದ್ದಾರೆ, ಹೇಳದೆ ಕೆಟ್ಟವರೂ ಇದ್ದಾರೆ. ನನ್ನ ಸಲಹೆಯೆಂದರೆ ಕಾಯಿಲೆಯ ಕತೆಯಿಂದ ಮಾತು ಆರಂಭಿಸಬೇಡಿ, ಬೇಕಾದ ಅನುಕೂಲದಿಂದ ಆರಂಭಿಸಿ. "ನನಗೆ ಮರೆವು" ಎಂದರೆ ಕೇಳಿದವರಿಗೆ ಭಯವಾಗುತ್ತದೆ, ಏನು ಮಾಡಬೇಕೆಂದು ತೋಚುವುದಿಲ್ಲ. "ಸೂಚನೆಗಳು ಬರಹದಲ್ಲಿ ಬಂದರೆ, ಮತ್ತು ಬೆಳಿಗ್ಗೆ ಎರಡು ಗಂಟೆ ಯಾರೂ ಕರೆಯದಿದ್ದರೆ, ನನ್ನ ಕೆಲಸ ತಪ್ಪಿಲ್ಲದೆ ಸಾಗುತ್ತದೆ" ಎಂದರೆ ಅದಕ್ಕೆ ಹೌದು ಅಥವಾ ಇಲ್ಲ ಎನ್ನಬಹುದು. ಏಕೆಂದು ಕೇಳಿದರೆ, ಚಿಕಿತ್ಸೆಯಲ್ಲಿರುವ ಒಂದು ದೀರ್ಘಕಾಲದ ಕಾಯಿಲೆ ಗಮನದ ಮೇಲೆ ಪರಿಣಾಮ ಬೀರುತ್ತದೆಂಬಷ್ಟು ಸಾಕು. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಪ್ಪಂದವು ಇಂಥ ಸಮಂಜಸ ಅನುಕೂಲವನ್ನು ನಿರಾಕರಿಸುವುದನ್ನು ತಾರತಮ್ಯವೆಂದೇ ಪರಿಗಣಿಸುತ್ತದೆ. ನಿಮ್ಮ ಕಾಯಿಲೆ ಅದರ ವ್ಯಾಪ್ತಿಗೆ ಬರುತ್ತದೆಯೇ ಎಂಬುದು ದೇಶದಿಂದ ದೇಶಕ್ಕೆ ಬೇರೆಯಾಗುವುದರಿಂದ, ಮಾತನಾಡುವ ಮುನ್ನ ನಿಮಗೆ ಅನ್ವಯಿಸುವ ಕಾನೂನನ್ನೂ ಸಂಸ್ಥೆಯ ನಿಯಮಾವಳಿಯನ್ನೂ ಓದಿಕೊಳ್ಳಿ. ಒಪ್ಪಿಕೊಂಡ ಅನುಕೂಲವನ್ನು ಬರಹದಲ್ಲಿ ಪಡೆಯಿರಿ.

ನೀವು ಈಗಾಗಲೇ ದೊಡ್ಡ ತಪ್ಪೊಂದನ್ನು ಮಾಡಿದ್ದು, ಅದರಿಂದ ಇನ್ನೊಬ್ಬರಿಗೆ ನಷ್ಟವಾಗಿದ್ದರೆ ಮಾತ್ರ ಈ ಎಚ್ಚರಿಕೆಯ ಲೆಕ್ಕಾಚಾರ ಬೇಡ. ಬೇರೆಯವರು ಕಂಡುಹಿಡಿಯುವ ಮುನ್ನ ನೀವೇ ಹೇಳುವುದು, ತಿದ್ದುವ ದಾರಿಯೊಂದಿಗೆ ಹೇಳುವುದು, ಎಲ್ಲ ಬಗೆಯಲ್ಲೂ ಕ್ಷೇಮ.

ರಾಜೀನಾಮೆಯ ತೀರ್ಮಾನವನ್ನು ಕಾಯಿಲೆ ಕೆರಳಿರುವ ವಾರದಲ್ಲಿ ತೆಗೆದುಕೊಳ್ಳಬೇಡಿ. ರಕ್ತಪರೀಕ್ಷೆಯ ಫಲಿತಾಂಶ ಬರಲಿ, ಔಷಧಿಯ ಹೊಂದಾಣಿಕೆ ನಡೆಯಲಿ, ಮೇಲೆ ಹೇಳಿದ ಏರ್ಪಾಡು ಒಂದೆರಡು ತಿಂಗಳ ಲೆಕ್ಕ ಮುಗಿಸುವವರೆಗಾದರೂ ನಡೆದು ನೋಡಲಿ. ಆ ಅವಧಿಯಲ್ಲಿ ಯಾವ ತಪ್ಪು ಯಾವ ಹೊತ್ತಿನಲ್ಲಿ, ಯಾವ ಬಗೆಯ ಕೆಲಸದಲ್ಲಿ ಆಯಿತೆಂದು ಒಂದೊಂದು ಸಾಲು ಬರೆದಿಡಿ. ತಪ್ಪುಗಳೆಲ್ಲ ಮಧ್ಯಾಹ್ನದ ಮೇಲಿನವಾದರೆ ಕೆಲಸದ ವೇಳೆಯನ್ನು ಬದಲಿಸಿಕೊಳ್ಳಲು ಕೇಳಬಹುದು. ಫೋನ್ ಕರೆಗಳ ನಡುವಿನವಾದರೆ ಕರೆಗಳಿಲ್ಲದ ಹೊಣೆಗೆ ವರ್ಗ ಕೇಳಬಹುದು. ಇವೆಲ್ಲವನ್ನೂ ಮಾಡಿದ ಮೇಲೂ ಕೆಲಸವೇ ದೇಹವನ್ನು ಹಿಂಡುತ್ತಿದ್ದರೆ, ಅರೆಕಾಲಿಕ ಕೆಲಸ, ವೈದ್ಯಕೀಯ ರಜೆ ಇವುಗಳನ್ನು ವಿಚಾರಿಸಿ, ಕೊನೆಗೆ ರಾಜೀನಾಮೆಯನ್ನು ಯೋಚಿಸಿ. ಆಗಲೂ ಚಿಕಿತ್ಸೆಯ ಖರ್ಚು ಮತ್ತು ವಿಮೆ ಕೆಲಸ ಬಿಟ್ಟ ನಂತರ ಏನಾಗುತ್ತವೆ ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ಆ ಸಾಲುಗಳನ್ನು ಬರೆದಿಟ್ಟ ಹಾಳೆಯ ಒಂದು ಪ್ರತಿಯನ್ನು ವೈದ್ಯರಿಗೂ ಕೊಡಿ. "ಬಹಳ ಮರೆಯುತ್ತೇನೆ" ಎಂಬ ಮಾತಿಗಿಂತ ಅದು ಅವರಿಗೆ ಎಷ್ಟೋ ಹೆಚ್ಚು ತಿಳಿಸುತ್ತದೆ, ಮತ್ತು ನೆನಪು, ಗಮನಗಳನ್ನು ಅಳೆಯುವ ನರಮನೋವಿಜ್ಞಾನ ಪರೀಕ್ಷೆಗೆ ನಿಮ್ಮನ್ನು ಕಳುಹಿಸಬೇಕೇ ಎಂಬುದನ್ನು ಅವರು ಅದನ್ನು ನೋಡಿ ನಿರ್ಧರಿಸಬಹುದು.