ಪದ ವಿಚಾರ: ಸಿಡುಕನೂ ಮುಂಗೋಪಿಯೂ ಒಬ್ಬನೇ?

ಪ್ರಶ್ನೆ: ಕಥೆಯೊಂದರಲ್ಲಿ ಒಂದೇ ಪಾತ್ರವನ್ನು ಒಮ್ಮೆ ‘ಸಿಡುಕ’ ಎಂದೂ ಇನ್ನೊಮ್ಮೆ ‘ಮುಂಗೋಪಿ’ ಎಂದೂ ಕರೆದಿದ್ದಾರೆ. ಎರಡಕ್ಕೂ ಅರ್ಥ ಒಂದೆಯೆ? ‘ಮುಂಕೋಪಿ’ ಎಂದು ಬರೆಯಬಹುದೆ?

ಉತ್ತರ: ಅರ್ಥ ಹತ್ತಿರದ್ದು, ಒಂದೇ ಅಲ್ಲ. ‘ಸಿಡುಕು’ ಎಂಬುದು ‘ಸಿಡಿ’ಯ ನಂಟಿನ ಮಾತು. ಕಿಡಿ ಸಿಡಿದ ಹಾಗೆ ಅಸಮಾಧಾನ ಚೂರುಚೂರಾಗಿ, ಪದೇ ಪದೇ ಹೊರಬೀಳುವುದು ಸಿಡುಕು. ಹೊತ್ತೆಷ್ಟಾಯಿತು ಎಂದು ಕೇಳಿದರೆ “ಗಡಿಯಾರ ಕಾಣಿಸೋದಿಲ್ವಾ?” ಎನ್ನುವವನು ಸಿಡುಕ. ಅವನು ದೊಡ್ಡ ಜಗಳಕ್ಕೆ ಇಳಿಯದಿರಬಹುದು, ಆದರೆ ಮುಖದ ಗಂಟೂ ಸಡಿಲವಾಗುವುದಿಲ್ಲ. ಹಾಗಾಗಿಯೇ ಭಾಷೆಯಲ್ಲಿ ‘ಸಿಡುಕುಮೋರೆ’ ಇದೆ. ‘ಮುಂಗೋಪದ ಮೋರೆ’ ಎಂದು ಯಾರೂ ಅನ್ನುವುದಿಲ್ಲ.

ಮುಂಗೋಪಿ ಉಳಿದ ಹೊತ್ತೆಲ್ಲ ನಗುನಗುತ್ತ ಇರಬಲ್ಲ. ಏನಾದರೂ ಕೆಣಕಿತೋ, ಯೋಚನೆಗಿಂತ ಮುಂಚೆ ಸಿಟ್ಟು ಬಂದು ನಿಲ್ಲುತ್ತದೆ. ಇಲ್ಲಿ ‘ಮುನ್’ಗೆ ‘ಮೊದಲು’ ಎಂದೇ ಅರ್ಥ. ಬಂದಷ್ಟೇ ಬೇಗ ಇಳಿದೂ ಹೋಗುತ್ತದೆ ಎಂಬ ಭಾವ ಬಳಕೆಯಲ್ಲಿ ಅಂಟಿಕೊಂಡದ್ದು, ಪದದೊಳಗೆ ಅದಿಲ್ಲ.

ಬರವಣಿಗೆಯಲ್ಲಿ ‘ಮುಂಗೋಪಿ’ಯೇ ಸರಿ. ಮುನ್ + ಕೈ ‘ಮುಂಗೈ’ ಆಗುವ ಹಾಗೆ ಇಲ್ಲಿಯೂ ಕಕಾರಕ್ಕೆ ಗಕಾರ ಬರುತ್ತದೆ, ಆದೇಶ ಸಂಧಿ. ಕೋಪ ಸಂಸ್ಕೃತದ ಪದವಾದರೂ ಸಂಧಿ ಕನ್ನಡದ್ದೇ.

ಲಿಂಗದ ವಿಷಯದಲ್ಲಿ ಒಂದು ತೊಡಕಿದೆ. ‘ಮುಂಗೋಪಿ’ ಗಂಡಿಗೂ ಹೆಣ್ಣಿಗೂ ಸಲ್ಲುತ್ತದೆ. ‘ಸಿಡುಕ’ನ ಸ್ತ್ರೀಲಿಂಗ ‘ಸಿಡುಕಿ’. ಆದರೆ “ಸಿಡುಕಿ ಎದ್ದುಹೋದಳು” ಎಂಬಲ್ಲಿ ಅದು ನಾಮಪದವೋ ಕ್ರಿಯೆಯೋ ತಿಳಿಯುವುದಿಲ್ಲ. ‘ಸಿಡುಕಿನವಳು’ ಎಂದರೆ ಗೊಂದಲ ಇರದು.

ಪ್ರಶ್ನೆ: ‘ತುಂಬಾ ಕೋಪಿಷ್ಟ’ ಎಂಬ ಪ್ರಯೋಗ ಸರಿಯೆ?

ಉತ್ತರ: ಮೊದಲು ಕಾಗುಣಿತ: ಕೋಪಿಷ್ಠ, ಮಹಾಪ್ರಾಣ ಬೇಕು. ಶ್ರೇಷ್ಠ, ಕನಿಷ್ಠ, ಗರಿಷ್ಠಗಳಲ್ಲಿರುವ ‘ಇಷ್ಠ’ವೇ ಇಲ್ಲಿರುವುದು. ಅದಕ್ಕೆ ‘ಎಲ್ಲರಿಗಿಂತ ಹೆಚ್ಚು’ ಎಂಬರ್ಥ ಇರುವುದರಿಂದ ‘ತುಂಬಾ’ ಹೆಚ್ಚುವರಿಯೇ. ಮಾತಿನಲ್ಲಿ ಬಂದರೆ ತಲೆಕೆಡಿಸಿಕೊಳ್ಳಬೇಕಿಲ್ಲ. ಅಚ್ಚಿಗೆ ಹೋಗುವ ಬರಹದಲ್ಲಿ ಬಿಡುವುದು ಮೇಲು.

ಪ್ರಶ್ನೆ: ಸಿಟ್ಟಿನವರನ್ನು ‘ದೂರ್ವಾಸ’ ಎನ್ನುತ್ತೇವಲ್ಲ, ‘ದುರ್ವಾಸ’ ಅಲ್ಲವೆ?

ಉತ್ತರ: ಸಂಸ್ಕೃತದ ಮೂಲರೂಪ ‘ದುರ್ವಾಸಸ್’, ಹ್ರಸ್ವವೇ. ಕನ್ನಡದಲ್ಲಿ ದೀರ್ಘವೂ ರೂಢಿಯಾಗಿದೆ. ಅಂದಹಾಗೆ, ಕಾಳಿದಾಸನ ನಾಟಕದಲ್ಲಿ ಶಕುಂತಲೆ ತನ್ನ ಬರವನ್ನು ಗಮನಿಸಲಿಲ್ಲವೆಂದು ತಕ್ಷಣ ಶಪಿಸುವ ಈ ಋಷಿ, ಆಕೆಯ ಗೆಳತಿ ಪ್ರಿಯಂವದೆ ಬೇಡಿಕೊಂಡಾಗ ಗುರುತಿನ ಆಭರಣ ಕಂಡರೆ ಶಾಪ ತೀರುತ್ತದೆ ಎನ್ನುತ್ತಾನೆ. ಆದ್ದರಿಂದ ಈ ಹೆಸರು ಮುಂಗೋಪಿಗೆ ಒಪ್ಪುತ್ತದೆ, ಸಿಡುಕನಿಗಲ್ಲ.