ಕಾರ್ಡ್ ಉಜ್ಜಿದ ಹಣ ಪೂರ್ತಿ ಏಕೆ ಬರುವುದಿಲ್ಲ? ಗ್ರಾಹಕರು ತಕರಾರು ಎತ್ತಿದರೆ ಅಂಗಡಿಯವರು ಏನು ಮಾಡಬೇಕು?
ಕಡಿತವಾಗುವುದು ಎಂಡಿಆರ್, ಅಂದರೆ ಕಾರ್ಡ್ ಪಾವತಿಗೆ ಬ್ಯಾಂಕು ಅಂಗಡಿಯವರಿಂದ ಹಿಡಿದುಕೊಳ್ಳುವ ಶುಲ್ಕ. 10,000 ರೂ. ಬಿಲ್ಲಿಗೆ ದರ 2% ಇದ್ದರೆ 200 ರೂ., ಅದರ ಮೇಲೆ 18% ಜಿಎಸ್‌ಟಿ 36 ರೂ.; ಖಾತೆಗೆ ಬರುವುದು 9,764. ಡೆಬಿಟ್ ಕಾರ್ಡಿನ ಎಂಡಿಆರ್‌ಗೆ ರಿಸರ್ವ್ ಬ್ಯಾಂಕ್ ಮಿತಿ ಹಾಕಿದೆ, ಕ್ರೆಡಿಟ್ ಕಾರ್ಡಿಗೆ ಇಲ್ಲ. ಆದ್ದರಿಂದ ಮೆಷಿನ್ ತೆಗೆದುಕೊಳ್ಳುವಾಗಲೇ ದರ ಚೌಕಾಸಿ ಮಾಡಿ. ತಿಂಗಳ ಬಾಡಿಗೆಯನ್ನೂ ಕೇಳಿ.

ತಕರಾರು ಅಂದರೆ ಚಾರ್ಜ್‌ಬ್ಯಾಕ್. ಗ್ರಾಹಕರು ತಮ್ಮ ಬ್ಯಾಂಕಿಗೆ ದೂರು ಕೊಟ್ಟರೆ ಅದು ವೀಸಾ, ರುಪೇಯಂಥ ಜಾಲದ ಮೂಲಕ ನಿಮ್ಮ ಬ್ಯಾಂಕಿಗೆ ಬರುತ್ತದೆ. ಬ್ಯಾಂಕು ಆ ಮೊತ್ತವನ್ನು ತಡೆಹಿಡಿಯಬಹುದು, ಇಲ್ಲವೇ ಹಿಂದಕ್ಕೆ ಪಡೆಯಬಹುದು. ಬ್ಯಾಂಕು ಕಳಿಸುವ ಮೇಲ್‌ನಲ್ಲಿ ಕೊಟ್ಟ ಗಡುವಿನೊಳಗೆ ಬಿಲ್ಲು, ಮೆಷಿನ್‌ನಿಂದ ಬರುವ ಚಾರ್ಜ್ ಸ್ಲಿಪ್, ಸರಕು ತಲುಪಿದ್ದಕ್ಕೆ ಪುರಾವೆ ಕಳಿಸಿ. ಗಡುವು ಮೀರಿದರೆ ನ್ಯಾಯ ನಿಮ್ಮ ಕಡೆ ಇದ್ದರೂ ಹಣ ಹೋದಂತೆಯೇ.

ಬಹಳ ಜನ ಸೋಲುವುದು ಸ್ಲಿಪ್ಪಿನಲ್ಲಿ. ಅದು ಥರ್ಮಲ್ ಕಾಗದ. ಗಲ್ಲಾಪೆಟ್ಟಿಗೆಯ ಬಿಸಿಗೆ ಕೆಲವೇ ತಿಂಗಳಲ್ಲಿ ಅಕ್ಷರ ಮಾಸಿ ಬರೀ ಬಿಳಿ ಚೀಟಿ ಉಳಿಯುತ್ತದೆ. ದೊಡ್ಡ ಮೊತ್ತದ್ದಾದರೆ ಅಂದೇ ಬಿಲ್ಲಿನ ಜೊತೆ ಇಟ್ಟು ಫೋಟೊ ತೆಗೆಯಿರಿ.

ಮರುಪಾವತಿ ಅದೇ ಕಾರ್ಡಿಗೇ ಮಾಡಿ, ನಗದು ಬೇಡ. ಚಾರ್ಜ್‌ಬ್ಯಾಕ್ ಬಂದ ಮೇಲಂತೂ ಬ್ಯಾಂಕನ್ನು ಕೇಳದೆ ರೀಫಂಡ್ ಒತ್ತಬೇಡಿ. ಒಂದೇ ಮಾರಾಟಕ್ಕೆ ಎರಡು ಸಲ ಹಣ ಹೋಗುತ್ತದೆ.